ಕನ್ನಂಬಾಡಿಯಲ್ಲಿ ಕಾರಿಗೆ ನೀರು, ಕಾವೇರಿಗೆ ಬಾಗಿನ

ನಮ್ಮ ಮನೆಯವರು ಬಾಗಿಲಿಗೆ ಬೀಗ ಹಾಕಿ ಬೀದಿಗಿಳಿದರೆ ಸಾಕು, ಏನಾದರೊಂದು ಆಗಿಯೇ ತೀರುತ್ತದೆ. ಪಕ್ಕದ ಮನೆಯವರೂ ಮೇಲುಕೋಟೆಗೆ ಹೋಗುತ್ತಾರೆ. ಬೆಟ್ಟ ಹತ್ತಿ ದೇವರಿಗೆ ಕೈಮುಗಿದು, ಸಂಜೆಗೆ ವಾಪಸ್ಸು ಬಂದು, ಸಾರು ಬಿಸಿಮಾಡಿಕೊಂಡು ಉಂಡು ಮಲಗುತ್ತಾರೆ. ಹೇಗಿತ್ತು ಅಂತ ಕೇಳಿದರೆ "ಹೋಗಿದ್ವಿ, ಬಂದ್ವಿ" ಅನ್ನುತ್ತಾರೆ. ನಾವು ಹೋಗಿ ಬಂದರೆ ಮಾತ್ರ ಲಕ್ಷ್ಮೀಪುರಂನ ನಮ್ಮ ಬೀದಿಗೆ ಒಂದು ವಾರ ಮಾತಿಗೆ ಬರವಿರುವುದಿಲ್ಲ.

ನಾನು ಈ ಮನೆಗೆ ಸೊಸೆಯಾಗಿ ಬಂದದ್ದು ಸ್ವಾತಂತ್ರ್ಯ ಬಂದ ಕೆಲವು ವರ್ಷಗಳ ಮೇಲೆ. ಮಾವ ಶಿರಸ್ತೇದಾರರಾಗಿ ನಿವೃತ್ತರಾದವರು. ಅತ್ತೆ ಶ್ರೀರಂಗಪಟ್ಟಣದ ಆಚೆಯ ಒಕ್ಕಲು ಮನೆತನದವರು. ಲಕ್ಷ್ಮೀಪುರಕ್ಕೆ ಬಂದು ತಲೆ ನರೆತರೂ ಅವರ ನಾಲಿಗೆ ಮಾತ್ರ ಊರು ಬಿಟ್ಟು ಬಂದಿರಲಿಲ್ಲ. ಆ ಮನೆಯಲ್ಲಿ ನಗುವಿಗೆ ಏನೂ ಕೊರತೆಯಿರಲಿಲ್ಲ. ಇದ್ದದ್ದು ಒಂದೇ ಕೊರಗು. ಮಂಡಿ ಮೊಹಲ್ಲಾದ ಬೆಲ್ಲದ ವ್ಯಾಪಾರಿಗಳ ಮನೆಗೆ ಕೊಟ್ಟಿದ್ದ ನನ್ನ ನಾದಿನಿಗೆ ಎರಡು ಸಲ ಬಸಿರು ನಿಂತು, ಎರಡು ಸಲವೂ ಕೈಗೆ ಸಿಗದೆ ಹೋಗಿತ್ತು. ಅತ್ತೆ ನೀರು ಕಂಡಲ್ಲೆಲ್ಲ, ಕಲ್ಲು ಕಂಡಲ್ಲೆಲ್ಲ ಕೈಮುಗಿದು ಮಗಳ ಹೆಸರು ಹೇಳುತ್ತಿದ್ದರು. ಅದನ್ನು ನೋಡಿ ನೋಡಿ ನಾನೂ ಕೈಮುಗಿಯುವುದನ್ನು ಕಲಿತೆ.

ದೊರೆಯ ಕಾರು

ನಮ್ಮ ಮನೆಯಲ್ಲೊಂದು ಕಾರಿತ್ತು. ಬಿಳಿ ದೊರೆಯೊಬ್ಬ ಗಂಟುಮೂಟೆ ಕಟ್ಟಿ ಹಡಗು ಹತ್ತುವ ಮುಂಚೆ ಮಾವನವರಿಗೆ ಮಾರಿದ್ದು. ದೊರೆ ಹೋದರೂ ಕಾರಿನ ದೊರೆತನ ಹೋಗಿರಲಿಲ್ಲ. ಅದು ಹೊರಡಬೇಕಾದರೆ ನಮ್ಮವರು ಮುಂದೆ ನಿಂತು ಹ್ಯಾಂಡಲ್ ತಿರುಗಿಸಬೇಕು, ಮಾವ ಒಳಗೆ ಕೂತು ಬೈಯಬೇಕು. ಎರಡರಲ್ಲಿ ಯಾವುದು ನಿಂತರೂ ಕಾರು ಸ್ಟಾರ್ಟ್ ಆಗುತ್ತಿರಲಿಲ್ಲ.

ಮದುವೆಯಾದ ಹೊಸದರಲ್ಲಿ ನಮ್ಮನ್ನು ಮೇಲುಕೋಟೆಗೆ ಕರೆದುಕೊಂಡು ಹೊರಟರು. ಕನ್ನಂಬಾಡಿ ಕಟ್ಟೆಯ ಹತ್ತಿರ ಮಾವ "ನಿಲ್ಸೋ" ಅಂದರು. ಒಂದು ಕಡೆ ಸಮುದ್ರದ ಹಾಗೆ ನೀರು, ಇನ್ನೊಂದು ಕಡೆ ಹಸಿರು ಗದ್ದೆ. ಮಾವ ಕೆಳಗಿಳಿದು ಸೊಂಟದ ಮೇಲೆ ಕೈಯಿಟ್ಟು ತುಂಬಾ ಹೊತ್ತು ನಿಂತರು. ನನಗೆ ಕಣ್ಣು ತುಂಬಿ ಬಂತು. ಎಂಥ ರಸಿಕರ ಮನೆಗೆ ಬಂದೆನಪ್ಪ ಅಂದುಕೊಂಡೆ. ಹೊಸ ಸೊಸೆಯ ನಾಚಿಕೆ ಬಿಟ್ಟು ಕೇಳಿಯೂ ಬಿಟ್ಟೆ.

"ಮಾವ, ಈ ಜಾಗ ಅಂದ್ರೆ ನಿಮಗೆ ತುಂಬಾ ಇಷ್ಟ ಅಲ್ವಾ?"

ಉತ್ತರ ಅತ್ತೆಯಿಂದ ಬಂತು. "ಅವ್ರಿಗಲ್ಲ ಕಣವ್ವ, ಕಾರ್ಗೆ. ಇಲ್ಲಿಗೆ ಬರೋ ಒತ್ಗೆ ಕುದ್ದೋಯ್ತದೆ. ನಾವು ಕಾಪಿ ಕೇಳುದ್ರೆ ಮುಂದಿನ್ ಊರು ಅಂತಾರೆ, ಅದ್ಕೆ ಮಾತ್ರ ಕಾವೇರಿ ನೀರೇ ಆಗ್ಬೇಕು!"

ಆಗ ನೋಡಿದೆ. ಬಾನೆಟ್ಟಿನಿಂದ ಹೊಗೆ ಬರುತ್ತಿತ್ತು, ನಮ್ಮವರು ಬಿಂದಿಗೆ ಹಿಡಿದು ನೀರಿನ ಕಡೆ ಓಡುತ್ತಿದ್ದರು.

ಸೋರುವ ಹಂಡೆ

ಕಾರು ತಣ್ಣಗಾಗುವ ತನಕ ಮಾವ ಸುಮ್ಮನಿರುವವರಲ್ಲ. ಕಟ್ಟೆಯ ಚರಿತ್ರೆ ಶುರುವಾಗುತ್ತಿತ್ತು. ಸಿಮೆಂಟಿಲ್ಲದೆ ಸುಣ್ಣ, ಇಟ್ಟಿಗೆ ಪುಡಿಯ ಸುರ್ಕಿ ಗಾರೆಯಲ್ಲಿ ಕಟ್ಟಿದ್ದು, ಕಲ್ಲು ಎಲ್ಲಿಂದ ಬಂತು, ಪಾಯ ಎಷ್ಟು ಆಳ, ಎಲ್ಲವನ್ನೂ ತಾವೇ ಮೇಸ್ತ್ರಿಯಾಗಿ ನಿಂತು ಮಾಡಿಸಿದವರ ಹಾಗೆ ಹೇಳುತ್ತಿದ್ದರು. ಕಟ್ಟೆ ಕಟ್ಟುವ ಕಾಲದಲ್ಲಿ ಅವರು ಇನ್ನೂ ಪರೀಕ್ಷೆ ಪ್ಯಾಸಾಗದೆ ಮನೆಯಲ್ಲಿ ಕೂತಿದ್ದರು ಅಂತ ಅತ್ತೆ ಆಮೇಲೆ ನನ್ನ ಕಿವಿಯಲ್ಲಿ ಹೇಳಿದರು.

ನಾನು ಆ ಚರಿತ್ರೆಯನ್ನು ಪ್ರತಿ ಸಲವೂ ಹೊಸದಾಗಿ ಕೇಳಿದವಳ ಹಾಗೆ ಕೇಳುತ್ತಿದ್ದೆ. ಅವರ ಮುಖ ಅರಳುವುದನ್ನು ನೋಡುವುದೇ ಒಂದು ಸುಖ. ಒಂದು ಸಲ ಮಾತಿನ ಭರದಲ್ಲಿ ಕೋಲಿನಿಂದ ಕಲ್ಲು ಕುಟ್ಟಿ ಹೇಳಿದರು:

"ಇಷ್ಟು ನೀರು ಎದೆ ಮೇಲೆ ಕೂತಿದೆ. ಒಂದು ತೊಟ್ಟು, ಒಂದೇ ಒಂದು ತೊಟ್ಟು ಸೋರುತ್ತಾ ನೋಡು!"

ಅತ್ತೆ ನೀರಿಗೆ ಕೈಮುಗಿದು ಮಗಳ ಹೆಸರು ಹೇಳುತ್ತಿದ್ದವರು ಮುಗಿದ ಕೈ ಬಿಡದೆಯೇ ತಿರುಗಿದರು.

"ಅದ್ ಸರಿ ಬುಡಿ. ಕಟ್ಟೆ ಸೋರ್ದೆ ಇರೋ ಗುಟ್ಟೆಲ್ಲ ಬಲ್ಲೋರು, ಬಚ್ಚಲ್ಮನೆ ಹಂಡೆ ಮೂರೊರ್ಸದಿಂದ ಸೋರ್ತಾ ಕೂತದೆ. ನಾಳೀಕೆ ಅದ್ಕೂ ಒಸಿ ಸುರ್ಕಿ ಮೆತ್ತಿ."

ಅವತ್ತು ಚರಿತ್ರೆ ಅಲ್ಲಿಗೇ ನಿಂತಿತು. ಹಂಡೆ ಮಾತ್ರ ಇನ್ನೂ ಎರಡು ವರ್ಷ ಸೋರಿತು.

ಮಾವನವರ ಕೋಲು

ಮಾವ ಹೊರಗೆ ಹೊರಟರೆ ಕ್ಲೋಸ್ ಕೋಟು, ಜರಿ ಅಂಚಿನ ರುಮಾಲು, ಬೆಳ್ಳಿ ಹಿಡಿಯ ಕೋಲು. ಒಂದು ಮಳೆಗಾಲದಲ್ಲಿ ಹೀಗೆಯೇ ಕಟ್ಟೆಯ ಮೇಲೆ ಕಾರಿಗೆ ನೀರು ಕುಡಿಸುತ್ತಿದ್ದಾಗ ಉತ್ತರದ ಕಡೆಯ ಯಾತ್ರಿಕರ ಬಸ್ಸೊಂದು ಬಂತು. ಇಳಿದವರು ರುಮಾಲು ಕಂಡರು, ಕೋಲು ಕಂಡರು, ಇವರೇ ಇಲ್ಲಿನ ದೊಡ್ಡ ಅಧಿಕಾರಿ ಅಂತ ತೀರ್ಮಾನಿಸಿ ಸುತ್ತುವರಿದರು. ಮಾವ ನಾನಲ್ಲ ಅನ್ನಲಿಲ್ಲ. ಬರುವಷ್ಟು ಹಿಂದಿಯಲ್ಲಿ, ಬಾರದ ಕಡೆ ಕನ್ನಡದಲ್ಲಿ, ಸುರ್ಕಿಯಿಂದ ಶುರುಮಾಡಿದರು.

ನೀರು ಒಂದು ಮಟ್ಟಕ್ಕೆ ಬಂದರೆ ತಾವಾಗಿಯೇ ತೆರೆದುಕೊಳ್ಳುವ ಬಾಗಿಲುಗಳು ಆ ಕಟ್ಟೆಗಿವೆ. ಅದನ್ನು ವಿವರಿಸಲು ಮಾವ ಕೋಲನ್ನು ಗಾಳಿಯಲ್ಲಿ ಮೇಲಕ್ಕೆತ್ತಿದರು. ಎತ್ತಿದ್ದೇ ತಡ, ಬಾಗಿಲು ಮೇಲೆದ್ದು ನೀರು ಭೋರ್ಗರೆದು ಹೊರಕ್ಕೆ ಹಾರಿತು. ಯಾತ್ರಿಕರಲ್ಲಿ ಇಬ್ಬರು ಮುದುಕಿಯರು ಮಾವನವರ ಕಾಲಿಗೇ ಬಿದ್ದರು. ಮಾವ ಒಂದು ಗಳಿಗೆ ಬೆಚ್ಚಿದರು. ಆಮೇಲೆ ಮೆಲ್ಲಗೆ, ಬಹಳ ಗಂಭೀರವಾಗಿ, ಕೋಲು ಕೆಳಗಿಳಿಸಿದರು. ನೀರು ನಿಲ್ಲಲಿಲ್ಲ. "ಇರಲಿ, ಇವತ್ತು ಸ್ವಲ್ಪ ಹರೀಲಿ" ಅಂದರು.

ಮನೆಗೆ ಬಂದ ಮೇಲೆ ಬೀದಿಗೆಲ್ಲ ಈ ಕಥೆ ಹೇಳಿದರು. ಮರುದಿನ ಬೆಳಗ್ಗೆ ನಲ್ಲಿಯಲ್ಲಿ ನೀರಿಲ್ಲ. ಅತ್ತೆ ಕೊಡ ಹಿಡಿದು ನಡುಮನೆಗೆ ಬಂದು, ಮೂಲೆಯಲ್ಲಿದ್ದ ಕೋಲನ್ನು ತಂದು ಮಾವನವರ ಕೈಗೆ ಕೊಟ್ಟು ನಿಂತರು.

ಎರಡು ಗಂಟು

ಈಗ ನಿಜವಾದ ಕಥೆಗೆ ಬರುತ್ತೇನೆ.

ನಾದಿನಿಗೆ ಮೂರನೆಯ ಸಲ ಬಸಿರು ನಿಂತಿತು. ಅತ್ತೆ ಅವಳನ್ನು ನಮ್ಮ ಮನೆಗೇ ಕರೆದು ತಂದು, ಮಂಚ ಬಿಟ್ಟು ಇಳಿಯದ ಹಾಗೆ ಕಾದರು. ಹಿಂದೆ ಎರಡು ಸಲ ಕೈತಪ್ಪಿದ ತಿಂಗಳು ದಾಟಲಿ, ಕಟ್ಟೆ ತುಂಬುತ್ತಲೇ ಕಾವೇರಿಗೆ ನನ್ನ ಕೈಯಾರೆ ಮೊರದ ಬಾಗಿನ ಕೊಡುತ್ತೇನೆ ಅಂತ ಹರಕೆ ಹೊತ್ತರು. ತಿಂಗಳೂ ದಾಟಿತು. ಆ ವರ್ಷ ಮಳೆಯೂ ಚೆನ್ನಾಗಿ ಬಂದು ಕಟ್ಟೆ ತುಂಬಿತು. ಬಾಗಿನ ಬಿಟ್ಟು, ಹಾಗೆಯೇ ಮೇಲುಕೋಟೆ ಬೆಟ್ಟಕ್ಕೆ ಹೋಗಿ ಕೈಮುಗಿದು ಬರುವುದು ಅಂತಾಯಿತು. ಡಾಕ್ಟರಮ್ಮ ನಾದಿನಿಗೆ ಕಾರು ಹತ್ತಕೂಡದು ಅಂದಿದ್ದರು. ಅವಳನ್ನು ಪಕ್ಕದ ಮನೆಯವರ ಕಾವಲಿನಲ್ಲಿ ಬಿಟ್ಟು ನಾವು ನಾಲ್ವರು ಹೊರಟೆವು.

ಬಾಗಿನ ಅಂದರೆ ಎರಡು ಹೊಸ ಮೊರ. ಒಂದರಲ್ಲಿ ಅಕ್ಕಿ, ಬೇಳೆ, ಬೆಲ್ಲ, ಕಾಯಿ, ಬಳೆ, ಬಾಚಣಿಗೆ, ಕನ್ನಡಿ, ರವಿಕೆ ಕಣ. ಅದರ ಮೇಲೆ ಇನ್ನೊಂದು ಮೊರ ಬೋರಲು ಹಾಕಿ ಬಟ್ಟೆಯಲ್ಲಿ ಕಟ್ಟುವುದು. ಕಟ್ಟಿದ ಮೇಲೆ ಬಿಚ್ಚಿ ನೋಡುವ ಹಾಗಿಲ್ಲ.

ಇನ್ನು ಅತ್ತೆಯ ಪುಳಿಯೋಗರೆಯ ವಿಷಯ ಹೇಳಬೇಕು. ಪಕ್ಕದ ಮನೆಯ ಅಯ್ಯಂಗಾರ್ ಹೆಂಗಸಿನಿಂದ ಕಲಿತದ್ದು. ಕಲಿಸಿದವರನ್ನೇ ಮೀರಿಸಿದ್ದೇನೆ ಅನ್ನುವುದು ಅತ್ತೆಯ ನಂಬಿಕೆ. ಪುಳಿಯೋಗರೆಯ ತವರಾದ ಮೇಲುಕೋಟೆಗೇ ಅದನ್ನು ಬುತ್ತಿ ಕಟ್ಟಿಕೊಂಡು ಹೋಗುವ ಧೈರ್ಯ ಅವರಿಗೆ ಆ ನಂಬಿಕೆಯಿಂದಲೇ ಬಂದದ್ದು. ಹಿತ್ತಾಳೆ ಪಾತ್ರೆಗೆ ಹಾಕಿದರೆ ಹುಣಿಸೆಹುಳಿಗೆ ಕಿಲುಬು ಹಿಡಿಯುತ್ತದೆ, ಡಬ್ಬಿಗೆ ತುಂಬಿದರೆ ಅನ್ನ ಮುದ್ದೆಯಾಗುತ್ತದೆ. ಅದಕ್ಕೆ ಅತ್ತೆ ಮೊರಕ್ಕೆ ಬಾಳೆಲೆ ಹಾಸಿ, ಪುಳಿಯೋಗರೆ ಹರಡಿ, ಮೇಲೆ ಎಲೆ ಮುಚ್ಚಿ, ಇನ್ನೊಂದು ಮೊರ ಬೋರಲು ಹಾಕಿ ಬಟ್ಟೆಯಲ್ಲಿ ಕಟ್ಟುತ್ತಿದ್ದರು.

ನಿಮಗೆ ಈಗಲೇ ಗೊತ್ತಾಗಿರಬೇಕು. ನಮಗೆ ಗೊತ್ತಾಗಲಿಲ್ಲ. ಬಾಗಿನಕ್ಕೆ ಗುರುತು ಇರಲಿ ಅಂತ ನಮ್ಮವರು ಮೊದಲೇ ಹೇಳಿದ್ದರು: "ಅವ್ವ, ಬಾಗಿನದ ಗಂಟಿಗೆ ಮಾತ್ರ ಅರಿಶಿನ ಕುಂಕುಮ ಇಡು."

"ಅಷ್ಟೂ ತಿಳೀದಾ ನಂಗೆ?" ಅಂದು ಅತ್ತೆ ಬಾಗಿನಕ್ಕೆ ಇಟ್ಟರು. ಆಮೇಲೆ ಹೊರಡುವ ಮುಂಚಿನ ಪೂಜೆ. ಭಕ್ತಿ ಉಕ್ಕಿ ಬಂದು ಕಾರಿನ ಮೂತಿಗೆ ಇಟ್ಟರು, ಚಕ್ರಗಳಿಗೆ ಇಟ್ಟರು, ಹಾರ್ನಿಗೆ ಇಟ್ಟರು, ಡಿಕ್ಕಿ ತೆಗೆದು ಜಾಕಿಗೆ, ಸ್ಪ್ಯಾನರಿಗೆ, ಪುಳಿಯೋಗರೆ ಗಂಟಿಗೆ ಎಲ್ಲಕ್ಕೂ ಇಟ್ಟರು. ಕೊನೆಗೆ ಹ್ಯಾಂಡಲ್ ತಿರುಗಿಸಲು ಬಗ್ಗಿದ್ದ ನಮ್ಮವರ ಹಣೆಗೂ ಒಂದು ಇಟ್ಟರು.

ಬೆಟ್ಟದ ಮೇಲಿನ ಊಟ

ಕಟ್ಟೆಯ ಹಿನ್ನೀರಿನ ದಡದಲ್ಲಿ ಒಬ್ಬ ಹರಿಗೋಲಿನವನಿದ್ದ. ಬಾಗಿನವನ್ನು ನೀರಿನ ನಡುವೆ ಕೊಂಡೊಯ್ದು ಬಿಡುವುದು ಅವನ ಕೆಲಸ. ಗಾಳಿಗೆ ದಡಕ್ಕೆ ತೇಲಿ ಬಂದದ್ದು ಅವನ ಮನೆಗೆ. ಅತ್ತೆ, ನಾನು ಇಬ್ಬರೂ ಗಂಟನ್ನು ಸೆರಗು ಮುಚ್ಚಿ ಹಿಡಿದೆವು. ಅತ್ತೆ ಕಣ್ಣು ಮುಚ್ಚಿ "ತಾಯಿ, ನನ್ ಮಗಳ ಮಡ್ಲು ಕಾಯವ್ವ" ಅಂದು ಅವನ ಕೈಗಿಟ್ಟರು. ಕಾರಿಗೆ ವಾಪಸ್ಸು ಬಂದ ಮೇಲೆ "ಎದೆ ಅಗುರಾಯ್ತು ಕಣವ್ವ" ಅಂದರು. ಬೆಟ್ಟದ ಬುಡದ ತನಕ ಸೋಬಾನೆ ಗುನುಗುತ್ತಲೇ ಬಂದರು.

ಮೇಲುಕೋಟೆಯ ಕಲ್ಯಾಣಿಯ ಮಂಟಪದಲ್ಲಿ ಊಟಕ್ಕೆ ಕೂತೆವು. ಸುತ್ತ ಊರಿನವರು ನಾಲ್ಕು ಜನ ಕೂತಿದ್ದರು. ಅತ್ತೆ ಅವರಿಗೆ ಕೇಳುವ ಹಾಗೆ "ನಮ್ ಕಡೆ ಪುಳಿಯೋಗ್ರೇನೂ ಒಸಿ ರುಚಿ ನೋಡಿ" ಅಂದು ಗಂಟು ಬಿಚ್ಚಿ ಮೇಲಿನ ಮೊರ ಎತ್ತಿದರು. ಹಸಿದಿದ್ದ ಮಾವ ವಾಸನೆ ಹಿಡಿಯಲು ಮುಂದಕ್ಕೆ ಬಗ್ಗಿದರು. ಅಕ್ಕಿಯ ಮೇಲಿದ್ದ ಕನ್ನಡಿಯಲ್ಲಿ ಅವರಿಗೆ ಕಂಡದ್ದು ಅವರದೇ ಮೀಸೆ.

ಅತ್ತೆ ಬಳೆಗಳನ್ನು ನೋಡಿದರು, ನನ್ನನ್ನು ನೋಡಿದರು, ಗೋಳೋ ಅಂತ ಅತ್ತುಬಿಟ್ಟರು.

"ಅವ್ವ, ದೇವರಿಗೆ ಎಲ್ಲಾ ಒಂದೇ" ಅಂದರು ನಮ್ಮವರು.

"ಒಂದೇ ಏನ್ಲಾ ಒಂದೇ? ಬಸ್ರಿ ಎಣ್ಣಿನ ಅರಕೆ ಕಣ್ಲಾ! ಬಾಗಿನ ಅಂತ ಯೋಳಿ ಹುಳಿಯನ್ನ ಕೊಟ್ಬುಟ್ಟು ಬಂದಿವ್ನಲ್ಲೋ!"

ಮಾವ ಮೆಲ್ಲಗೆ ಅವರ ಪಕ್ಕ ಕೂತರು. "ಅಳಬೇಡ ಕಣೇ. ಕಾವೇರಿ ಈಗ ತುಂಬಿದ ಹೆಂಗಸು. ತುಂಬಿದ ಹೆಂಗಸಿಗೆ ಬಳೆ, ಬಾಚಣಿಗೆಗಿಂತ ಹುಳಿ ಮೇಲೇ ಆಸೆ ಜಾಸ್ತಿ. ನೀನು ಇವನನ್ನು ಹೊತ್ತಾಗ ಹುಣಿಸೆ ಮರಾನೇ ಬೋಳು ಮಾಡಿದ್ದೆಯಲ್ಲ?"

ನನಗೆ ಆ ಮಾತು ಎಷ್ಟು ಹಿಡಿಸಿತು ಅಂದರೆ ಮಾವನವರ ಕಾಲು ಮುಟ್ಟಿ ನಮಸ್ಕಾರ ಮಾಡಬೇಕು ಅನ್ನಿಸಿತು. ಅತ್ತೆಗೆ ಹಿಡಿಸಲಿಲ್ಲ. ಬಾಗಿನದ ಅಕ್ಕಿ ಬೇಯಿಸುವ ಹಾಗಿಲ್ಲ, ಅದು ಕಾವೇರಿಯದು. ಹೊತ್ತು ಮುಳುಗುವ ಮುಂಚೆ ಅದನ್ನು ಕಟ್ಟೆಗೆ ಮುಟ್ಟಿಸುವ ತನಕ ತೊಟ್ಟು ನೀರೂ ಕುಡಿಯುವುದಿಲ್ಲ ಅಂತ ಗಂಟು ಮತ್ತೆ ಕಟ್ಟಿ ಎದೆಗವಚಿಕೊಂಡು ಎದ್ದರು. ಮಗಳ ಮುಂದೆ ಯಾರಾದರೂ ಉಸಿರು ಬಿಟ್ಟೀರಿ ಜೋಕೆ ಅಂದರು.

ಮಾವ "ಕಾರಿಗೆ ನೀರು ನೋಡಿ ಬರ್ತೀನಿ" ಅಂತ ಹೋದವರು ಸ್ವಲ್ಪ ತಡವಾಗಿ ಬಂದರು. ಕಾರು ನಿಂತಿದ್ದದ್ದು ಎಡಗಡೆ, ಅವರು ಬಂದದ್ದು ಬಲಗಡೆಯಿಂದ. ಅತ್ತೆ ಕಣ್ಣೀರು ಒರೆಸಿಕೊಳ್ಳುತ್ತಲೇ ಅವರ ಮೀಸೆಗಂಟಿದ್ದ ಅಗುಳಿನ ಕಡೆ ನೋಡಿ ಕೇಳಿದರು: "ಇಲ್ಲೀದು ಎಂಗಿತ್ತು?"

ಮಾವ ತಲೆ ತಗ್ಗಿಸಿ, "ನಿನ್ನದರ ಮುಂದೆ ಏನೂ ಅಲ್ಲ" ಅಂದರು.

ಹಿಂದೆ ಬಿದ್ದ ಕಾರು

ಬೆಟ್ಟ ಇಳಿಯುವಾಗ ಕಾರು ಚೆನ್ನಾಗಿಯೇ ಇಳಿಯಿತು. ಬಯಲಿನಲ್ಲೂ ಓಡಿತು. ಕಟ್ಟೆಗೆ ಇನ್ನೆರಡು ಮೈಲಿ ಇದೆ ಅನ್ನುವಾಗ ಕೆಮ್ಮಿ ನಿಂತಿತು. ಹ್ಯಾಂಡಲ್ ತಿರುಗಿಸಿದ್ದಾಯಿತು, ಮಾವ ಬೈದದ್ದಾಯಿತು. ಹೊತ್ತು ಇಳಿಯುತ್ತಿತ್ತು. ಬೆಳಗಿನಿಂದ ಹೊಟ್ಟೆಗೆ ಏನೂ ಇಲ್ಲದ ಅತ್ತೆ ಗಂಟನ್ನು ಮಾವನವರ ಮಡಿಲಲ್ಲಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, "ಬಾರವ್ವ" ಅಂತ ನನ್ನನ್ನು ಕರೆದು ಹಿಂದಿನಿಂದ ತಳ್ಳಿದರು. ಒಕ್ಕಲು ಮನೆಯ ಕೈ. ಕಾರು ಬೆದರಿದ ಹಾಗೆ ಜಿಗಿದು ಹೊರಟಿತು.

ಹೊರಟದ್ದು ನಿಲ್ಲಲಿಲ್ಲ. ನಿಲ್ಲಿಸಿದರೆ ಮತ್ತೆ ಹೊರಡದು ಅಂತ ನಮ್ಮವರು ಕಿಟಕಿಯಿಂದ ಕೈ ಬೀಸುತ್ತಾ ಹೋಗಿಯೇಬಿಟ್ಟರು. ಬಾಗಿನವೂ ಹೋಯಿತು. "ಲೋ, ಗಂಡಸ್ರು ಬಾಗಿನ ಕೊಡಂಗಿಲ್ಲ ಕಣ್ರೋ!" ಅಂತ ಅತ್ತೆ ಕೂಗಿದರು. ಧೂಳು ಮಾತ್ರ ಉಳಿಯಿತು.

ದೇವರು ದೊಡ್ಡವನು. ಹಿಂದಿನಿಂದ ಹುಲ್ಲು ತುಂಬಿದ ಎತ್ತಿನ ಗಾಡಿಯೊಂದು ಬಂತು. ಗಾಡಿಯವನು ಅತ್ತೆಯ ಮಾತು ಕೇಳಿ ಏನೂ ಪ್ರಶ್ನೆ ಮಾಡದೆ ನಮ್ಮನ್ನು ಹುಲ್ಲಿನ ಮೇಲೆ ಹತ್ತಿಸಿಕೊಂಡು ಎತ್ತುಗಳ ಬಾಲ ತಿರುವಿದ. ಆ ಪುಣ್ಯಾತ್ಮ ಯಾರೋ, ಇವತ್ತಿಗೂ ಅವನನ್ನು ನೆನೆಯುತ್ತೇನೆ. ಸ್ವಲ್ಪ ದೂರ ಹೋಗುವುದರಲ್ಲಿ ರಸ್ತೆ ಬದಿಯಲ್ಲಿ ನಮ್ಮ ಕಾರು ಹೊಗೆ ಬಿಡುತ್ತಾ ನಿಂತಿತ್ತು. ನಮ್ಮವರು ಬಿಂದಿಗೆ ಹಿಡಿದು ನೀರು ಹುಡುಕುತ್ತಿದ್ದರು. ಮಾವ ಗಂಟು ಮಡಿಲಲ್ಲಿಟ್ಟುಕೊಂಡು ಬಾಣಂತಿಯ ಹಾಗೆ ಕೂತಿದ್ದರು.

ಅತ್ತೆ ಗಾಡಿ ನಿಲ್ಲಿಸಿದರು, ಇಳಿಯಲಿಲ್ಲ. ಮೇಲಿನಿಂದಲೇ ಬಗ್ಗಿ ಕಿಟಕಿಯಲ್ಲಿ ಕೈಹಾಕಿ ಗಂಟು ಎತ್ತಿಕೊಂಡು, ಗಾಡಿಯವನಿಗೆ "ಒಡಿಯಪ್ಪ" ಅಂದು, ಮಾವನವರಿಗೆ ಹೇಳಿದರು: "ನೀವು ನಿದಾನುಕ್ಕೆ ಬನ್ನಿ. ನಾವೊಸಿ ಅವಸರ್ದಲ್ಲಿದೀವಿ."

ಉಪ್ಪು

ನಾವು ದಡ ಮುಟ್ಟಿದಾಗ ನೀರಿನ ಮೇಲೆ ಇನ್ನೂ ಕೆಂಪು ಬೆಳಕಿತ್ತು. ಹರಿಗೋಲಿನವನು ನೀರಂಚಿನಲ್ಲಿ ಕೂತು ಏನೋ ತೊಳೆಯುತ್ತಿದ್ದ. ಹತ್ತಿರ ಹೋದರೆ ಅದು ನಮ್ಮದೇ ಮೊರ. ಅತ್ತೆಯ ಕಾಲು ನಿಂತಲ್ಲೇ ನಿಂತಿತು.

"ಅಪ್ಪಾ," ಅಂದರು, "ಬೆಳಿಗ್ಗೆ ನಾ ಕೊಟ್ಟಿದ್ದು..."

ಅವನು ಎದ್ದು ಕೈಮುಗಿದ. "ಅವ್ವಾರೆ, ನೀವೇನ್ರಾ? ನಡ್ನೀರ್ಗೆ ಬುಟ್ರೆ ಗಾಳಿಗೆ ದಡುಕ್ ಬಂತು. ತಿರ್ಗ ಬುಟ್ಟೆ, ತಿರ್ಗ ಬಂತು. ಗಮಗಮ ಅಂತ ವಾಸ್ನೆ ಬೇರೆ. ಬಿಚ್ಚಿ ನೋಡ್ತೀನಿ, ಪುಳಿಯೋಗ್ರೆ! ನಾನು, ನನ್ ಎಂಡ್ರು, ದಡದಲ್ಲಿದ್ದ ಜನ ಎಲ್ಲಾ ಎಲೆ ತುಂಬ ಉಂಡ್ವಿ. ಎಷ್ಟೋ ಬಾಗಿನ ಬುಟ್ಟಿವ್ನಿ ಕಣವ್ವ. ಉಂಡೋಗ್ರಪ್ಪ ಅಂತ ಬಡಿಸಿದ್ ಬಾಗಿನ ಇದೇ ಮೊದ್ಲು. ನನ್ ಎಂಡ್ರು ಕೈ ತೊಳ್ದು, ಇದ್ ಮಾಡಿದ್ ಕೈ ತಣ್ಣಗಿರ್ಲಿ, ಅವ್ರ ಮನೇಲಿ ತೊಟ್ಲು ತೂಗ್ಲಿ ಅಂದ್ಲು."

ನಾವು ಅವನಿಗೆ ನಾದಿನಿಯ ವಿಷಯ ಹೇಳಿರಲಿಲ್ಲ. ಉಂಡು ಎದ್ದ ಹೆಂಗಸು ಸಹಜವಾಗಿ ಹರಸುವ ಮಾತು ಅದು. ಆದರೂ ನನಗೆ ಮೈ ಜುಮ್ಮೆಂದಿತು. ಅತ್ತೆಯ ಕಣ್ಣಲ್ಲಿ ನೀರು ದಳದಳ ಇಳಿಯಿತು. ಬೆಳಗಿನಿಂದ ಹಿಡಿದಿದ್ದ ಭಯವೆಲ್ಲ ಅದರ ಜೊತೆ ಇಳಿದು ಹೋದದ್ದು ನನಗೆ ಕಂಡಿತು. ಏನು ಹೇಳುತ್ತಾರೋ ಅಂತ ನಾನೂ ಅವನೂ ಕಾದೆವು. ಅತ್ತೆ ಸೆರಗಿನಲ್ಲಿ ಮೂಗು ಒರೆಸಿಕೊಂಡರು.

"ಉಪ್ಪು ಸರ್ಯಾಗಿತ್ತಾ?"

ಹರಿಗೋಲಿನವನು ತಲೆ ಕೆರೆದುಕೊಂಡ. ಸುಳ್ಳು ಹೇಳಲಾರದ ಮನುಷ್ಯ. "ಒಂದ್ ಅಳ್ಳು ಕಮ್ಮಿ ಇತ್ತು ಕಣವ್ವ."

ಬೆಳಕು ಆರುವ ಮುಂಚೆ ನಿಜವಾದ ಬಾಗಿನವನ್ನೂ ಬಿಟ್ಟದ್ದಾಯಿತು. ನಮ್ಮ ಕಾರೂ ಕೆಮ್ಮುತ್ತಾ ಬಂದು ಸೇರಿತು. ಆದರೆ ಮನೆಗೆ ಬರುವ ದಾರಿಯುದ್ದಕ್ಕೂ ಅತ್ತೆ ಹರಕೆಯ ಮಾತೆತ್ತಲಿಲ್ಲ. "ಕಮ್ಮಿಯಂತೆ!" ಅಂತ ಆಗಾಗ ಕತ್ತಲಿಗೆ ಹೇಳಿಕೊಳ್ಳುತ್ತಿದ್ದರು.

ಚಳಿಗಾಲದಲ್ಲಿ ನಾದಿನಿ ಹೆಣ್ಣು ಮಗು ಹೆತ್ತಳು. ತಾಯಿ, ಮಗು ಇಬ್ಬರೂ ಸುಖ. ಬಾಣಂತಿಯನ್ನು ನೋಡಲು ಬಂದವರಿಗೆಲ್ಲ ಅತ್ತೆ ಹೇಳುತ್ತಿದ್ದರು: "ಕಾವೇರವ್ವ ತುಂಬಿದ್ ಎಂಗ್ಸು ಕಣ್ರವ್ವಾ. ಹುಳಿ ಆಸೆ ಇರ್ತದೆ ಅಂತ ನಾನೇ ಬೇಕಂತ ಪುಳಿಯೋಗ್ರೆ ಕೊಟ್ಟು ಬಂದೆ." ಪಕ್ಕದ ಕೋಣೆಯಲ್ಲಿ ಮಾವ ಇದನ್ನು ಕೇಳಿಸಿಕೊಂಡು ಮೀಸೆಯಲ್ಲೇ ನಗುತ್ತಿದ್ದರು. ತಮ್ಮ ಮಾತು ಅಂತ ಒಂದು ದಿನವೂ ಹೇಳಿಕೊಳ್ಳಲಿಲ್ಲ.

ಮರುವರ್ಷ ಕಟ್ಟೆ ತುಂಬಿದಾಗ ಮತ್ತೆ ಹೋದೆವು. ಈ ಸಲ ನಾದಿನಿಯೂ ಇದ್ದಳು, ಅವಳ ಮಡಿಲಲ್ಲಿ ಮಗುವೂ ಇತ್ತು. ಬಾಗಿನಕ್ಕೆ ಹಳದಿ ಬಟ್ಟೆ, ನಮ್ಮ ಬುತ್ತಿಗೆ ಬಿಳಿ ಬಟ್ಟೆ, ಹರಿಗೋಲಿನವನ ಮನೆಗೆ ಅಂತಲೇ ಪುಳಿಯೋಗರೆಯ ಇನ್ನೊಂದು ದೊಡ್ಡ ಗಂಟು. ಅವನೂ ಅವನ ಹೆಂಡತಿಯೂ ಮಗುವನ್ನು ಸರದಿಯ ಮೇಲೆ ಎತ್ತಿಕೊಂಡರು. ಅತ್ತೆ ಬಾಗಿನ ಬಿಟ್ಟು, ಮಗುವಿನ ಹಣೆಗೆ ಕಾವೇರಿ ನೀರು ಚಿಮುಕಿಸಿ, ಕಣ್ಣು ತುಂಬಿಕೊಂಡು ಕೈಮುಗಿದು ನಿಂತರು. "ನಿನ್ ಉಪ್ಕಾರ ಯಾವ್ ಜನ್ಮಕ್ ತೀರ್ಸಾನವ್ವ" ಅಂದರು. ನಾವೆಲ್ಲ ಕೈಮುಗಿದೆವು.

ಆಮೇಲೆ ಅತ್ತೆ ಇನ್ನೊಂದು ಹೆಜ್ಜೆ ನೀರಿಗಿಳಿದು, ಬೇರೆ ಯಾರಿಗೂ ಕೇಳಬಾರದು ಅನ್ನುವ ಹಾಗೆ ಬಗ್ಗಿ ಹೇಳಿದರು:

"ಅದ್ ಸರಿ, ವೋದೊರ್ಸ ಉಪ್ಪು ಕಮ್ಮಿ ಆಗಿದ್ರೆ ನನ್ ಕನಸ್ಗೆ ಬಂದು ನೀನೇ ಒಂದ್ ಮಾತ್ ಯೋಳ್ಬಾರ್ದಿತ್ತಾ ತಾಯಿ? ಅಷ್ಟು ಜನದ್ ಮುಂದೆ ಬಡಿಸ್ಬುಟ್ಟಲ್ಲ!"